ಮಣಿಕಟ್ಟಿಗೆ ನಿಂತ ಬಿಳುಪು

ಖಾನಾಪುರದ ಮೊದಲ ಬಸ್ಸಿಳಿದು ಪದ್ಮವ್ವ ಬೆಳಗಾವಿಯ ಖಾಸಬಾಗದ ಗಲ್ಲಿಯಲ್ಲಿ ಕಟ್ಟುಹಲ್ಲು ಮಾಡುವ ಲ್ಯಾಬಿನ ಷಟರ್ ಎತ್ತುವ ಹೊತ್ತಿಗೆ ಬೀದಿದೀಪಗಳು ಇನ್ನೂ ಆರಿರುವುದಿಲ್ಲ. ಒಳಗೆ, ಹಿಂದಿನ ಸಂಜೆ ಕುದಿಸಿ ತಣಿಯಲು ಬಿಟ್ಟ ಹಿತ್ತಾಳೆಯ ಅಚ್ಚುಗಳಿವೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಪ್ಲಾಸ್ಟರ್ ಒಡೆದು, ಒಂದು ಹಲ್ಲಿನ ಸೆಟ್ಟನ್ನು ಹೊರತೆಗೆಯುತ್ತಾರೆ. ಒಸಡಿನ ಅಂಚನ್ನು ಬೆರಳಿನಿಂದ ಸವರುತ್ತಾರೆ. "ಇಲ್ಲಿ ಚುಚ್ಚತೈತ್ರಿ. ಹಿಂಗ ಕೊಟ್ರ ಉಣ್ಣೂ ಮುಂದ ಕಣ್ಣಾಗ ನೀರ ಬರ್ತಾವ" ಎಂದು ಅರ ಹಿಡಿದು ಕೂರುತ್ತಾರೆ. ಆ ಎರಡೂ ಕೈಗಳು ಬೆರಳಿನಿಂದ ಮಣಿಕಟ್ಟಿನವರೆಗೆ ಹಾಲಿನಷ್ಟು ಬಿಳುಪು.

1983ರಲ್ಲಿ ಕಸ ಗುಡಿಸಲೆಂದು ಈ ಲ್ಯಾಬಿಗೆ ಸೇರಿದವರು ನೋಡುತ್ತ ನೋಡುತ್ತಲೇ ಕೆಲಸ ಕಲಿತರು. ಈ 2001ಕ್ಕೆ ಹದಿನೆಂಟು ವರ್ಷವಾಯಿತು. ಈಗ ದಿನಕ್ಕೆ ಐದು ಸೆಟ್, ಮದುವೆಯ ಹಂಗಾಮಿನಲ್ಲಿ ಎಂಟು. ಊರಿನ ಎಷ್ಟು ಬಾಯಿಗಳಲ್ಲಿ ತಾವು ಮಾಡಿದ ಹಲ್ಲಿವೆಯೋ, ಅವರಿಗೇ ಲೆಕ್ಕವಿಲ್ಲ.

ಒಸಡಿನ ಗುಲಾಬಿ ಬಣ್ಣದ ಪುಡಿಗೆ ಘಾಟು ವಾಸನೆಯ ದ್ರವ ಬೆರೆಸಿ, ರೊಟ್ಟಿ ಹಿಟ್ಟಿನಂತೆ ನಾದಿ ಅಚ್ಚಿಗೆ ತುಂಬುವುದು ಇವರ ಕೆಲಸ. ಆ ದ್ರವ ಬಾಟಲಿಯಲ್ಲೇ ಗಟ್ಟಿಯಾಗಿ ಕೆಡದಿರಲೆಂದು ಅದಕ್ಕೊಂದು ರಾಸಾಯನಿಕ ಹಾಕಿರುತ್ತಾರೆ. ಬರಿಗೈಯಲ್ಲಿ ನಾದಿ ನಾದಿ ಬೆರಳು ಬಿರಿದವು. "ಮನ್ಯಾಗ ಖಾರಾ ಮುಟ್ಟಿದ್ರ ಜೀವಾ ಹೋದಂಗ ಆಗ್ತಿತ್ತು" ಎನ್ನುತ್ತಾರೆ. ಲ್ಯಾಬಿನ ಮಾಲೀಕ ಪಂಢರಿನಾಥ ಒಳ್ಳೆಯ ಮನುಷ್ಯ. ಮರುಗಿ, ದಪ್ಪ ರಬ್ಬರಿನ ಕೈಗವಸು ತಂದುಕೊಟ್ಟರು. ರಬ್ಬರು ಬಿರಿಯದಿರಲೆಂದು ಅದಕ್ಕೂ ಅಂಥದ್ದೇ ಒಂದು ರಾಸಾಯನಿಕ ಸೇರಿಸಿರುತ್ತಾರೆಂದು ಅವರಿಗೇನು ಗೊತ್ತು? ಎರಡು ವರ್ಷ ತುಂಬುವುದರೊಳಗೆ ಕೈಗವಸು ಮುಚ್ಚುತ್ತಿದ್ದಷ್ಟೂ ಚರ್ಮ ಬಣ್ಣ ಕಳೆದುಕೊಂಡಿತು. ಬಾಟಲಿಯಲ್ಲಿದ್ದದ್ದು ಕೆಡಲಿಲ್ಲ, ರಬ್ಬರೂ ಕೆಡಲಿಲ್ಲ. ಕೆಟ್ಟದ್ದು ಪದ್ಮವ್ವನ ಕೈ.

ಚರ್ಮದ ವೈದ್ಯೆ ಪ್ರಾಜಕ್ತಾ ಆ ಕೈಗವಸನ್ನೇ ತರಿಸಿ, ಕೈಗೆ ತೊಡಿಸಿ ನೋಡಿದರು. "ಇದು ಅಂಟೂ ರೋಗ ಅಲ್ಲ, ವಂಶಕ್ಕ ಬರೂದೂ ಅಲ್ರಿ. ಆ ಬಾಟ್ಲಿ ಔಷಧಕ್ಕ, ಈ ರಬ್ಬರಿಗೆ ಆಗಿರಬೇಕು. ಗೆರಿ ಹೊಡದಂಗ ಮಣಿಕಟ್ಟಿಗೇ ನಿಂತೈತಿ ನೋಡ್ರಿ" ಎಂದು ಚೀಟಿಯಲ್ಲೂ ಬರೆದುಕೊಟ್ಟರು. ಕೆಲಸ ಬಿಡಿ ಎಂದೂ ಹೇಳಿದರು. "ಬಿಟ್ಟ ಏನ ಮಾಡ್ಲ್ರಿ? ನನಗ ಬರೂದು ಇದೊಂದ" ಎನ್ನುವ ಪದ್ಮವ್ವ ಈಗ ಮರದ ಪಟ್ಟಿಯಿಂದ ನಾದುತ್ತಾರೆ. ಹೋದ ಬಣ್ಣವೇನೂ ಮರಳಿಲ್ಲ.

ಕೈಯ ಬಣ್ಣ ಹೋದದ್ದಕ್ಕಿಂತ ಅವರನ್ನು ಹಗಲಿರುಳು ಕೊರೆಯುವುದು ಮಗಳು ಶೀತಲಳ ಮದುವೆ. ಹೋದ ವರ್ಷ ವಡಗಾವಿಯಿಂದ ಗಂಡಿನವರು ಬಂದರು. ಒಳಗೇ ಇದ್ದುಬಿಡು ಎಂದು ನೆಂಟರು ಪದ್ಮವ್ವನಿಗೆ ಹೇಳಿದರೆ, ಶೀತಲಳೇ ಬಿಡಲಿಲ್ಲ: "ಯವ್ವಾ, ಚಾ ನೀನ ಕೊಡು. ಕದ್ದು ಮದವಿ ಆಗೂದು ನನಗ ಬ್ಯಾಡ." ಕೊಟ್ಟರು. ಗಂಡಿನ ಅಜ್ಜಿ ಕೃಷ್ಣಾಬಾಯಿ ಕೈ ನೋಡಿದ್ದೇ ಕಪ್ಪನ್ನು ದೂರ ಸರಿಸಿದರು. "ತಾಯಿಗೆ ತೊನ್ನೈತಿ. ನಾಳಿ ಮಗಳಿಗೂ ಬಂದ್ರ?" ಪದ್ಮವ್ವ ಬಳೆ ಮೇಲೇರಿಸಿ, ಗೆರೆ ತೋರಿಸಿ, "ಖರೇ ತೊನ್ನಾಗಿದ್ರ ಇಲ್ಲೇ ಯಾಕ ನಿಂದರತಿತ್ರಿ?" ಎಂದು ಕೇಳಿದರು. ವೈದ್ಯೆಯ ಚೀಟಿ ಮುಂದಿಟ್ಟರು. ಯಾರೂ ಅದನ್ನು ಬಿಡಿಸಿಯೂ ನೋಡಲಿಲ್ಲ. ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಅನ್ನುತ್ತಾರೆ. ಈ ತಾಯಿಗೆ ಒಂದು ನಿಜ ಹೇಳಿ ಮಾಡಲಾಗಲಿಲ್ಲ. ಆಮೇಲೆ ಎರಡು ಸಂಬಂಧಗಳು ಬಾಗಿಲಿಗೂ ಬರದೆ ತಪ್ಪಿದವು.

"ನೋಡಾಕ ಬಂದೋರು ನನ್ನ ಮಗಳ ಮಾರಿ ನೋಡ್ಲಿ, ನನ್ನ ಕೈ ಅಲ್ಲ. ಇಷ್ಟ ಸಾಕ್ರಿ ನನಗ" ಎನ್ನುತ್ತಾರೆ ಪದ್ಮವ್ವ.

ಅರ ಕೆಳಗಿಟ್ಟು, ಯಾರಿಗೂ ಹೇಳದ ಒಂದು ಮಾತು ಹೇಳುತ್ತಾರೆ. ಅಂದು ಕೃಷ್ಣಾಬಾಯಿ ಬಾಯಿ ತೆರೆದಾಗಲೇ ಇವರಿಗೆ ಗುರುತು ಸಿಕ್ಕಿತ್ತು. ಮೇಲಿನ ಸಾಲಿನ ಎಡಗಡೆಯ ಒಂದು ಹಲ್ಲು ತುಸು ಸೊಟ್ಟ. ತನ್ನ ಹಳೆಯ ಹಲ್ಲಿನಂತೆಯೇ ಇರಲೆಂದು ಹಿಂದೊಮ್ಮೆ ಯಾರೋ ಅಜ್ಜಿ ದಂತವೈದ್ಯರಲ್ಲಿ ಹಟ ಹಿಡಿದಿದ್ದರಂತೆ. ಆ ಹಲ್ಲನ್ನು ಮೂರು ಸಲ ಬಿಚ್ಚಿ ಕೂರಿಸಿದ್ದು ಇವೇ ಕೈಗಳು.

ಹಾಗಾದರೆ ಅಲ್ಲೇ ಹೇಳಬಹುದಿತ್ತಲ್ಲ ಎಂದು ಕೇಳಿದರೆ,

"ನಾಲಿಗಿ ತುದಿಗೆ ಬಂದಿತ್ರಿ. ಹೇಳಿದ್ರ ಆಕಿ ಹಲ್ಲಿನ ಸೆಟ್ ಅಲ್ಲೇ ತಗದು ಒಗೀತಿದ್ಲು. ಆಮ್ಯಾಲ ಮುದುಕಿ ರೊಟ್ಟಿ ಹೆಂಗ ತಿನಬೇಕ್ರಿ?"