ಮಾರುತಿಯ ಎಡಕ್ಕೆ ಬಿದ್ದ ಹೂವು

ಒಬ್ಬ ಮನುಷ್ಯನ ಬಲಗೈಗೆ ನಾನು ಎಡಗೈಯ ಮೂಳೆ ಮಾಡಿ ಕಳಿಸಿದ್ದೆ. ಅದು ನನಗೆ ತಿಳಿದಾಗ ಆಪರೇಷನ್ನಿಗೆ ಎರಡು ಗಂಟೆ ಕೂಡ ಉಳಿದಿರಲಿಲ್ಲ. ಹೋದ ವರ್ಷ ಕಾರ್ತಿಕದ ಆ ಶನಿವಾರ ಮಾರುತಿ ನಮ್ಮನ್ನು ಹೇಗೆ ಕಾಯ್ದ ಎನ್ನುವುದನ್ನು ಅವನನ್ನು ನಂಬಿದ ನಿಮ್ಮೆಲ್ಲರ ಮುಂದೆ ಹೇಳಬೇಕು ಅಂತ ಬರೆಯುತ್ತಿದ್ದೇನೆ. ನನ್ನ ತಪ್ಪನ್ನು ಮುಚ್ಚಿಟ್ಟು ಅವನ ಕೃಪೆಯನ್ನಷ್ಟೇ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ. ಆದ್ದರಿಂದ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನನ್ನ ಹೆಸರು ಸುಧಾ. ತವರು ಧಾರವಾಡ. ಪುಣೆಗೆ ಬಂದು ಹದಿನೆಂಟು ವರ್ಷವಾಯಿತು, ನಿಗಡಿಯಲ್ಲಿ ಮನೆ. ಕೃತಕ ಕೀಲು ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ವಿನ್ಯಾಸದ ಕೆಲಸ ಮಾಡುತ್ತೇನೆ. ಸವೆದ ಸೊಂಟಕ್ಕೆ, ಮುರಿದ ಭುಜಕ್ಕೆ ಯಾವ ಆಕಾರದ, ಯಾವ ಅಳತೆಯ ಲೋಹದ ಕೀಲು ಬೇಕು ಅಂತ ಕಂಪ್ಯೂಟರಿನಲ್ಲಿ ರೂಪಿಸುವುದು ನನ್ನ ಪಾಲಿನದು. ಕೆಲಸದಲ್ಲಿ ನಾನು ಸ್ವಲ್ಪ ಜೋರು. ಬೇರೆಯವರ ತಪ್ಪು ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ನವರಾತ್ರಿಗೆ ಸ್ವಲ್ಪ ಮುಂಚೆ ಒಂದು ಕೇಸು ಬಂತು. ರೋಗಿಯ ಹೆಸರಿರಲಿಲ್ಲ, ನಂಬರು ಮಾತ್ರ. ಬಲಗೈಯ ಮೇಲುಮೂಳೆಯಲ್ಲಿ ಗಡ್ಡೆ. ಭುಜದಿಂದ ಅರ್ಧ ತೋಳಿನವರೆಗೆ ಮೂಳೆಯನ್ನೇ ತೆಗೆದು, ಅಲ್ಲಿ ಟೈಟಾನಿಯಂ ಮೂಳೆ ಕೂರಿಸಬೇಕು. ಸರ್ಜನ್ ಕೆಳಗೆ ಒಂದು ಸಾಲು ಬರೆದಿದ್ದರು: "ರೋಗಿ ಹೋಟೆಲಿನಲ್ಲಿ ದೋಸೆ ಹಾಕುವವರು, ಕೈ ಎತ್ತಲು ಬರಲೇಬೇಕು." ಆ ಸಾಲನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಂಡೆ.

ಗಡ್ಡೆ ತಿಂದ ಮೂಳೆಯಿಂದ ಆಕಾರ ಸಿಗುವುದಿಲ್ಲ. ಹೀಗಿರುವಾಗ ನಾವು ಆರೋಗ್ಯವಾಗಿರುವ ಎಡಗೈಯ ಸ್ಕ್ಯಾನ್ ತೆಗೆದುಕೊಂಡು, ಅದನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸುತ್ತೇವೆ. ಎಡಗೈ ಬಲಗೈ ಆಗುತ್ತದೆ. ಕಂಪ್ಯೂಟರಿನಲ್ಲಿ ಒಂದೇ ಒಂದು ಗುಂಡಿ ಒತ್ತುವ ಕೆಲಸ. ತಿರುಗಿಸಿದವರು ತಕ್ಷಣ ಫೈಲಿನ ಹೆಸರಿಗೆ ಗುರುತು ಸೇರಿಸಲೇಬೇಕು ಎಂಬುದು ನಮ್ಮಲ್ಲಿಯ ನಿಯಮ. ಆ ನಿಯಮ ಮಾಡಿದವಳು ನಾನೇ.

ಖಂಡೇನವಮಿಯ ದಿನ ಆಫೀಸಿನಲ್ಲಿ ಯಂತ್ರಗಳಿಗೆ, ಕಂಪ್ಯೂಟರುಗಳಿಗೆ ಪೂಜೆ. ಆ ದಿನ ಕೆಲಸ ಮಾಡುವುದಿಲ್ಲ. ಆದರೆ ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಪೂಜೆ ಮುಗಿದ ಮೇಲೆ ಹೊಸ ಕೆಲಸದ ಒಂದೇ ಒಂದು ಹೆಜ್ಜೆಯನ್ನು ಮುಹೂರ್ತಕ್ಕೆಂದು ಮಾಡಿ, ನಮಸ್ಕಾರ ಮಾಡಿ ಮುಚ್ಚಿಡಬೇಕು. ಮಾವನವರು ಅಂಗಡಿಯಲ್ಲಿ ಒಂದು ಮೊಳ ಬಟ್ಟೆ ಅಳೆದು ಇಡುತ್ತಿದ್ದರಂತೆ. ನಾನು ಆ ದೋಸೆಯವರ ಫೈಲ್ ತೆರೆದೆ. ದೇವರೇ, ಈ ಕೈ ಮೇಲೇಳಲಿ ಅಂದುಕೊಂಡು ಗುಂಡಿ ಒತ್ತಿದೆ, ಮೂಳೆ ತಿರುಗಿತು. ಇದು ಬರೀ ಮುಹೂರ್ತ ಅಲ್ಲವೇ ಅಂತ ಹೆಸರಿಗೆ ಗುರುತು ಸೇರಿಸದೆ ಉಳಿಸಿ, ತೆರೆಗೆ ಕುಂಕುಮ ಹಚ್ಚಿ ಮನೆಗೆ ಬಂದೆ.

ದಸರೆ ಮುಗಿಸಿ ಬಂದು ಕೆಲಸಕ್ಕೆ ಕೂತಾಗ ಫೈಲಿನ ಹೆಸರಿನಲ್ಲಿ ಗುರುತಿರಲಿಲ್ಲ. ಮುಹೂರ್ತಕ್ಕೆ ಒಮ್ಮೆ ತಿರುಗಿಸಿದ್ದು ನೆನಪಿಗೇ ಬರದೆ ಮತ್ತೆ ತಿರುಗಿಸಿದೆ. ಈ ಸಲ 'ಬಲಗೈ' ಅಂತ ನೀಟಾಗಿ ಬರೆದೆ. ಎರಡು ಸಲ ತಿರುಗಿದ ಎಡಗೈ ಎಡಗೈಯೇ ಆಗಿ ಉಳಿದಿತ್ತು. ಅದರ ಮೇಲೆ ಮೂರು ವಾರ ಕೆಲಸ ಮಾಡಿದೆ. ಉದ್ದ, ದಪ್ಪ ಎಲ್ಲ ತಾಳೆ ನೋಡಿದೆವು, ಎರಡೂ ಕೈಗೆ ಅವು ಒಂದೇ ಆದ್ದರಿಂದ ಏನೂ ಗೊತ್ತಾಗಲಿಲ್ಲ. ಮೂಳೆಯ ಗುಂಡು ತಲೆ ಯಾವ ಕಡೆ ವಾಲಿರುತ್ತದೆ ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಅದು ಹಿಂದಕ್ಕೆ ವಾಲುವ ಬದಲು ಮುಂದಕ್ಕೆ ವಾಲಿದರೆ ಕೀಲು ನಿಲ್ಲುವುದಿಲ್ಲ, ಜಾರಿ ಹೊರಬರುತ್ತದೆ. ಕೈ ಎತ್ತುವುದಂತೂ ದೂರದ ಮಾತು. ಚಿತ್ರ ನೋಡಿ ಸರ್ಜನ್ ಒಪ್ಪಿಗೆ ಕೊಟ್ಟರು, ಮೂಳೆ ತಯಾರಾಯಿತು, ಗುರುವಾರ ಆಸ್ಪತ್ರೆ ಸೇರಿತು. ಆಪರೇಷನ್ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ.

ಗುರುವಾರದಿಂದ ನನಗೆ ಊಟ ಸೇರಲಿಲ್ಲ. ಕಾರಣ ಕೇಳಿದರೆ ಹೇಳಲು ಏನೂ ಇಲ್ಲ. ಶುಕ್ರವಾರ ಎರಡು ಸಲ ಫೈಲ್ ತೆರೆದು ನೋಡಿದೆ, ಎಲ್ಲ ಸರಿಯಾಗಿಯೇ ಕಂಡಿತು. ಶನಿವಾರ ಬೆಳಿಗ್ಗೆ ನಮ್ಮ ಅತ್ತೆ ಚಹಾದ ಲೋಟ ಮುಂದಿಟ್ಟು ಕೂತರು. ಎಪ್ಪತ್ತೆರಡು ವಯಸ್ಸು, ಮೊಣಕಾಲು ಒಂದು ಬಿಟ್ಟರೆ ಉಳಿದೆಲ್ಲ ಗಟ್ಟಿ.

"ಏನವಾ ಸುಧಾ, ಎರಡು ದಿನದಿಂದ ಮಾರಿ ಯಾಕ ಹಿಂಗ ಮಾಡೀ?"

"ಏನಿಲ್ಲರಿ ಅತ್ತಿ. ಇವತ್ತ ಒಬ್ಬರಿಗೆ ನಾ ಮಾಡಿದ ಮೂಳಿ ಹಾಕ್ತಾರ. ಮನಸ್ಸಿಗೆ ಸಮಾಧಾನ ಇಲ್ಲ."

"ಹಂಗಾರ ಮನ್ಯಾಗ ಕೂತು ಏನ್ ಮಾಡ್ತಿ? ಶನಿವಾರ ಅದ. ನಡಿ, ಹನುಮಪ್ಪಗ ಹೂ ಕೇಳೂಣು."

ನಮ್ಮ ಓಣಿಯ ಮಾರುತಿ ಗುಡಿ ಸಣ್ಣದು. ಅಲ್ಲಿಯ ಆಚಾರ್ಯರು ಬಾಗಲಕೋಟೆ ಕಡೆಯವರು. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ನಿಲ್ಲಬೇಕು. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ನಾನು ಕಣ್ಣು ಮುಚ್ಚಿ ಕೇಳಿದೆ: ಎಲ್ಲ ಸರಿಯಾಗಿದೆಯೇನಪ್ಪ? ಅಷ್ಟೇ. ಕಣ್ಣು ಬಿಡುವ ಹೊತ್ತಿಗೆ ಒಂದು ದಾಸವಾಳ ಪಟ್ಟನೆ ಬಿತ್ತು.

"ಬಲಕ್ಕೆ ಬಿತ್ತು, ಅತ್ತಿ!" ನನಗೆ ಅಳುವೇ ಬಂತು.

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಎಲ್ಲಿ ಬಲಕ್ಕ? ಅದು ನಿನ್ನ ಬಲಕ್ಕ ಬಿದ್ದದ. ಅಂವಾ ನಿನ್ನ ಎದುರಿಗೆ ನಿಂತಾನಲ್ಲ! ಅವನ ಎಡ ಅದು. ಇಷ್ಟು ವರ್ಷ ಆತು ಗುಡಿಗೆ ಬರಾಕ್ಹತ್ತಿ, ಇಷ್ಟೂ ಗೊತ್ತಿಲ್ಲೇನು? ಅವನ ಎತ್ತಿದ ಕೈ ನೋಡು, ಅದು ಬಲಗೈ."

ನೋಡಿದೆ. ಮಾರುತಿ ಅಭಯ ನೀಡುತ್ತ ಬಲಗೈ ಎತ್ತಿ ನಿಂತಿದ್ದ. ಆ ಕೈ ನನ್ನ ಎಡಗಡೆ ಇತ್ತು. ಎದೆ ಆ ಕೈಗಿಂತ ನನ್ನ ಬಲಕ್ಕಿತ್ತು. ತೋಳಿನ ಮೂಳೆಯ ತಲೆ ಯಾವಾಗಲೂ ಎದೆಯ ಕಡೆಗೇ ಇರುತ್ತದೆ. ಅಂದರೆ ಎದುರಿನಿಂದ ನೋಡಿದರೆ ಬಲಗೈ ಮೂಳೆಯ ಗುಂಡು ತಲೆ ನನ್ನ ಬಲಕ್ಕೆ ಮುಖ ಮಾಡಿರಬೇಕು.

ನನ್ನ ಚಿತ್ರದಲ್ಲಿ ಅದು ಎಡಕ್ಕಿತ್ತು.

ಪರ್ಸಿನಿಂದ ಫೋನ್ ಎಳೆದಾಗ ಕುಂಕುಮದ ಪೊಟ್ಟಣ ಜಾರಿ ಕೆಳಗೆ ಬಿತ್ತು. ಸರ್ಜನ್ ಒಪ್ಪಿದ ಚಿತ್ರ ಫೋನಿನಲ್ಲಿತ್ತು. ಮೇಲೆ ಬರೆದಿದ್ದೆ: ಬಲಗೈ, ಎದುರಿನಿಂದ. ತಲೆ ಎಡಕ್ಕೆ. ನನ್ನ ಬಲಗೈ ಕಡೆ ಬಗ್ಗಿ ನೋಡಿಕೊಂಡರೆ ನನ್ನ ಮೈ ಎಡಕ್ಕೇ ಇರುತ್ತದೆ. ಅದಕ್ಕೇ ನನ್ನ ಕಣ್ಣಿಗೆ ಮೂರು ವಾರ ಅದು ಸರಿಯಾಗಿ ಕಂಡಿತ್ತು. ಎದುರಿಗೆ ನಿಂತ ಇನ್ನೊಬ್ಬನ ಕೈ ಅದು ಅಂತ ನಾನು ನೋಡಿಯೇ ಇರಲಿಲ್ಲ. ಒಮ್ಮೆಲೇ ಖಂಡೇನವಮಿಯ ಕುಂಕುಮ ಹಚ್ಚಿದ ತೆರೆ ನೆನಪಾಯಿತು.

ಗಂಟೆ ಏಳೂ ಇಪ್ಪತ್ತು. ಆಸ್ಪತ್ರೆಗೆ ಫೋನ್ ಮಾಡಿದೆ. ಕಾಯಿರಿ ಅಂತ ಹಾಡು ಹಚ್ಚಿಟ್ಟರು. ಸರ್ಜನ್ ಫೋನ್ ಬಂದ್ ಇತ್ತು. ನಮ್ಮ ಮುಖ್ಯಸ್ಥರು ಎತ್ತಲಿಲ್ಲ. ನಮ್ಮವರು ಮೊದಲ ಪಾಳಿಗೆ ಕಾರಖಾನೆಗೆ ಹೋಗಿಯಾಗಿತ್ತು. ರಸ್ತೆಗೆ ಓಡಿ ರಿಕ್ಷಾ ನಿಲ್ಲಿಸಿದೆ. ಹತ್ತಿ ನೋಡಿದರೆ ಅತ್ತೆ ಪಕ್ಕದಲ್ಲೇ ಕೂತಿದ್ದಾರೆ.

"ನೀವ್ಯಾಕ್ರಿ? ಮೊಣಕಾಲು..."

"ಸುಮ್ಮನ ಕೂಡು. ಹೂ ಕೇಳು ಅಂದಾಕಿ ನಾನು."

ಪಿಂಪ್ರಿಯಲ್ಲಿ ಮೆಟ್ರೊ ಹತ್ತಿದೆವು, ಸ್ವಾರಗೇಟಿಗೆ. ಆಸ್ಪತ್ರೆ ಅಲ್ಲಿಂದ ಹತ್ತಿರ. ಪ್ರತಿ ನಿಲ್ದಾಣದಲ್ಲೂ ಬಾಗಿಲು ತೆರೆದು ಮುಚ್ಚುವಾಗ ಆಸ್ಪತ್ರೆಗೆ ಮತ್ತೆ ಫೋನ್ ಮಾಡುತ್ತಿದ್ದೆ, ಮತ್ತೆ ಅದೇ ಹಾಡು. ನಮ್ಮ ಜೊತೆ ಕೆಲಸ ಮಾಡುವ ಮಂದಾರನಿಗೆ ಫೋನ್ ಮಾಡಿ ಆ ಫೈಲಿನಲ್ಲಿ ಏನೇನು ಬದಲಾಗಿದೆ ನೋಡು ಅಂದೆ. ಹತ್ತು ನಿಮಿಷಕ್ಕೆ ಅವನ ಫೋನ್ ಬಂತು. ಯಾವಾಗಲೂ ನಗುತ್ತ ಮಾತಾಡುವ ಹುಡುಗನ ದನಿ ಸಣ್ಣದಾಗಿತ್ತು. "ಸುಧಾತಾಈ, ದೋನದಾ ಫಿರವಲಂಯ," ಅಂದ. ಅಕ್ಕಾ, ಅದನ್ನು ಎರಡು ಸಲ ತಿರುಗಿಸಲಾಗಿದೆ ಅಂತ.

ಅಲ್ಲಿಯವರೆಗೂ ನನ್ನ ಅನುಮಾನ ಸುಳ್ಳಾಗಲಿ ಅಂತ ಬೇಡುತ್ತಿದ್ದೆ. ಅದೂ ಮುಗಿಯಿತು. ಮೂಳೆಯನ್ನು ಕತ್ತರಿಸಿ ತೆಗೆದ ಮೇಲೆ ಇದು ಗೊತ್ತಾದರೆ ಆ ಮನುಷ್ಯನಿಗೆ ಹಾಕಲು ಬೇರೆ ಮೂಳೆಯೇ ಇಲ್ಲ. ಅತ್ತೆಗೆ ಹೇಳಿದೆ, ನಾನೇ ಮಾಡಿದ ನಿಯಮ, ನಾನೇ ಮುರಿದೆ ಅಂತ. ಅವರು ನನ್ನ ಕೈ ಹಿಡಿದುಕೊಂಡೇ, "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನ ಬಚ್ಚಲದಾಗ ಬಿತ್ತಂತ," ಅಂದರು. ಆಮೇಲೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸತೊಡಗಿದರು. ಸ್ವಾರಗೇಟ್ ಬರುವವರೆಗೂ ಕೈ ಬಿಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಪಾಸ್ ಕೇಳಿದ. ನಾನು ಇಂಗ್ಲಿಷು, ಹಿಂದಿ, ಮರಾಠಿ ಎಲ್ಲ ಕಲಸಿ ಏನೋ ಹೇಳುತ್ತಿದ್ದೆ. ಅತ್ತೆ "ಅಯ್ಯಯ್ಯ, ಗುಡಘಾ!" ಅಂತ ಮೊಣಕಾಲು ಹಿಡಿದು ಅವನ ಕುರ್ಚಿಯಲ್ಲೇ ಕುಸಿದರು. ಅವನು ಗಾಬರಿಯಾಗಿ ನೀರು ತರಲು ತಿರುಗಿದ. "ಓಡು," ಅಂದರು ಅತ್ತೆ. ಅವರು ನಟಿಸಿದರೋ ನಿಜವಾಗಿ ನೋವಿತ್ತೋ ಇಂದಿಗೂ ಹೇಳಿಲ್ಲ.

ಮೂರನೆಯ ಮಹಡಿ. ಆಪರೇಷನ್ ಥಿಯೇಟರಿನ ಹೊರಗೆ ಒಬ್ಬ ಹೆಂಗಸು ಗಂಡಸರ ಅಂಗಿ, ಕೈಗಡಿಯಾರ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತು ದಾಟಿ ಹತ್ತು ನಿಮಿಷ. ನಾನು ಬಾಗಿಲು ಬಡಿದೆ. ನರ್ಸ್ ಇಣುಕಿದಳು. "ಬಲಗೈ ಕೇಸು ನಿಲ್ಲಿಸಿ, ಮೂಳೆ ತಪ್ಪಾಗಿದೆ, ಮಾಡಿದವಳು ನಾನು," ಅಂದೆ. ಅವಳು ಒಳಗೆ ಹೋದಳು. ಆಗ ಆ ಹೆಂಗಸು ಎದ್ದು ನಿಂತಳು.

"ಎಂತ ಆಯ್ತು? ಅದು ನಮ್ಮವರ ಕೇಸಲ್ವಾ?" ಅಂದಳು, ಕನ್ನಡದಲ್ಲೇ. ಕುಂದಾಪುರ ಕಡೆಯವಳು, ಜಲಜಕ್ಕ. ಒಳಗಿದ್ದವರು ಅವಳ ಗಂಡ ಶೇಖರಣ್ಣ. ವಾಕಡದ ಒಂದು ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಲ್ಲುವವರು. ಇಷ್ಟು ದಿನ ನಂಬರಾಗಿದ್ದ ಮನುಷ್ಯನಿಗೆ ಹೆಸರು ಬಂತು.

ಸರ್ಜನ್ ಮುಖಗವಸಿನಲ್ಲೇ ಹೊರಬಂದರು. ಫೋನ್ ತೋರಿಸಿದೆ. ಅವರು ನೋಡಿದರು. ಚಿತ್ರವನ್ನು ದೊಡ್ಡದು ಮಾಡಿ ಮತ್ತೆ ನೋಡಿದರು. "ಮೇಲೆ ಬರೆದದ್ದನ್ನು ಗಮನಿಸದೆ ನಾನು ಇದನ್ನು ಹಿಂದಿನಿಂದ ತೆಗೆದ ಚಿತ್ರ ಅಂದುಕೊಂಡಿದ್ದೆ," ಅಂದರು, ಬಹಳ ಮೆಲ್ಲಗೆ.

"ಶುರು ಮಾಡಿದ್ದೀರಾ ಸರ್?"

"ಇಲ್ಲ. ಅವರ ಬಿಪಿ ಏರಿಬಿಟ್ಟಿದೆ. ಇಳಿಯಲಿ ಅಂತ ಕಾಯುತ್ತಿದ್ದೆವು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಕತ್ತರಿಸಿ ಆಗುತ್ತಿತ್ತು."

ನಾನು ಅಲ್ಲೇ ನೆಲದ ಮೇಲೆ ಕೂತೆ. ಜಲಜಕ್ಕ ನನ್ನ ಎದುರು ಕೂತಳು. ಅವಳಿಗೆ ಎಲ್ಲ ಹೇಳಿದೆ, ಮುಹೂರ್ತದ ಗುಂಡಿಯಿಂದ ಹಿಡಿದು. ಆ ದಿನ ಅತ್ಯಂತ ಕಷ್ಟದ ಕೆಲಸ ಅದೇ ಆಗಿತ್ತು. ಅವಳು ಗಂಡನ ಅಂಗಿಯನ್ನು ಮಡಿಸುತ್ತ, ಬಿಡಿಸುತ್ತ ಕೇಳಿದಳು. ಕೊನೆಗೆ, "ನಿಮ್ಮ ಕಾಲಿಗೆ ಬೀಳ್ಬೇಕಾ, ನಿಮ್ಗೆ ಎರಡು ಹೊಡೀಬೇಕಾ ಅಂತ ನಂಗೆ ಗೊತ್ತಾಗ್ತಿಲ್ಲ ಮೇಡಂ," ಅಂದಳು. ನನಗೂ ಗೊತ್ತಿರಲಿಲ್ಲ. ಇಬ್ಬರೂ ಅತ್ತೆವು.

ಗಡ್ಡೆ ಕಾಯುವುದಿಲ್ಲ. ಸರ್ಜನ್ ಹತ್ತು ದಿನ ಕೊಟ್ಟರು. ಮುಖ್ಯಸ್ಥರು ಬೈದರು, ಬೈಯಲೇಬೇಕಿತ್ತು. ಆದರೆ ಕೆಲಸದಿಂದ ತೆಗೆಯಲಿಲ್ಲ. ಹೊಸ ಮೂಳೆಯ ತಿರುಗಿಸುವ ಹೆಜ್ಜೆಯನ್ನು ಮಂದಾರ ಮಾಡಿದ. ನಾನು ಅವನ ಎದುರು ಬಲಗೈ ಎತ್ತಿ ನಿಂತೆ, ಅವನು ನನ್ನನ್ನೂ ತೆರೆಯನ್ನೂ ನೋಡಿ ತಾಳೆ ಹಾಕಿದ. ಒಂಬತ್ತನೆಯ ದಿನ ಮೂಳೆ ಆಸ್ಪತ್ರೆ ಸೇರಿತು. ಹತ್ತನೆಯ ದಿನ ಐದು ಗಂಟೆಯ ಆಪರೇಷನ್. ಜಲಜಕ್ಕನ ಪಕ್ಕದಲ್ಲಿ ನಾನೂ ಅತ್ತೆಯೂ ಕೂತಿದ್ದೆವು. ಈ ಸಲ ಪಾಸ್ ಇತ್ತು.

ಈಗ ನಮ್ಮಲ್ಲಿ ಎದುರಿಗೊಬ್ಬರು ಕೈ ಎತ್ತಿ ನಿಲ್ಲದೆ ಯಾವ ಭುಜದ ಚಿತ್ರಕ್ಕೂ ಸಹಿ ಇಲ್ಲ. ಖಂಡೇನವಮಿಯ ಮುಹೂರ್ತ ಈ ವರ್ಷವೂ ಮಾಡಿದೆ. ಖಾಲಿ ಫೈಲಿನಲ್ಲಿ ಶ್ರೀ ಅಂತ ಬರೆದು ಮುಚ್ಚಿದೆ, ಅಷ್ಟೇ. "ತಪ್ಪು ಮಾಡಿಸಿದ್ದೂ ನಿಮ್ಮ ದೇವರೇ, ತಿದ್ದಿದ್ದೂ ಅವನೇನಾ?" ಅಂತ ಮಂದಾರ ಈಗಲೂ ಕಾಡಿಸುತ್ತಾನೆ. ತಪ್ಪು ನನ್ನದು ಮಾರಾಯ, ಅದನ್ನು ಅವನ ತಲೆಗೆ ಕಟ್ಟಬೇಡ ಅನ್ನುತ್ತೇನೆ. ಬೇಡಿದ್ದಕ್ಕೆ ದೇವರು ಹೌದು ಅಂದ ಕಥೆಗಳನ್ನು ನಾನೂ ಬಹಳ ಕೇಳಿದ್ದೇನೆ. ಎಲ್ಲ ಸರಿಯಾಗಿದೆಯೇ ಅಂತ ನಾನು ಕೇಳಿದಾಗ ನನ್ನ ಮಾರುತಿ ಇಲ್ಲ ಅಂದ. ಎದುರಿಗೆ ನಿಂತು, ತನ್ನ ಎಡ ಯಾವುದು, ಬಲ ಯಾವುದು ಎಂದೂ ತೋರಿಸಿದ. ಅದಕ್ಕಿಂತ ದೊಡ್ಡ ದಯೆಯನ್ನು ನಾನು ಕಂಡಿಲ್ಲ.

ಹೋದ ಶನಿವಾರ ಶೇಖರಣ್ಣ, ಜಲಜಕ್ಕ ನಮ್ಮ ಗುಡಿಗೆ ಬಂದಿದ್ದರು. ಶೇಖರಣ್ಣನ ಬಲಗೈ ಈಗ ಭುಜದ ಮಟ್ಟಕ್ಕೆ ಏಳುತ್ತದೆ, ಅದಕ್ಕಿಂತ ಮೇಲೆ ಇನ್ನೂ ಇಲ್ಲ. ದೋಸೆ ಕಲ್ಲಿಗೆ ಅಷ್ಟು ಸಾಕು ಅಂದರು. ಗುಡಿಯ ಗಂಟೆ ಮಾತ್ರ ಎತ್ತರದಲ್ಲಿದೆ. ಅವರು ಎಡಗೈ ಎತ್ತಹೋದರು. "ತಡೀರಿ," ಅಂದರು ಅತ್ತೆ. ಆಚಾರ್ಯರಿಗೆ ಹೇಳಿ ಗಂಟೆಯ ನಾಲಿಗೆಗೆ ಒಂದು ಮೊಳ ಹಗ್ಗ ಕಟ್ಟಿಸಿದರು. ಶೇಖರಣ್ಣ ಬಲಗೈಯಿಂದ ಹಗ್ಗ ಹಿಡಿದು ಎಳೆದರು, ಒಂದು ಸಲವಲ್ಲ, ಮೂರು ಸಲ. ನಾನು ಅವರ ಎದುರಿಗೇ ನಿಂತಿದ್ದೆ. ಆ ಕೈ ನನ್ನ ಎಡಗಡೆ ಇತ್ತು.