ಬದುವಿನ ಮೇಲೆ ನಿಂತ ಬೂಟು

ನನ್ನ ಪಾದ ರೊಟ್ಟಿಯಷ್ಟು ಅಗಲ. ಸಾಲದ್ದಕ್ಕೆ, ಹಿಮ್ಮಡಿ ನೋವಿಗೆಂದು ಡಾಕ್ಟರು ಅಚ್ಚು ತೆಗೆದು ಮಾಡಿಸಿಕೊಟ್ಟ ಅಟ್ಟೆಯನ್ನೂ ಬೂಟಿನೊಳಗೆ ಇಡಬೇಕು. ನನ್ನ ಕೆಲಸವೋ, ಬೀಜದ ಕಂಪನಿಗಾಗಿ ಕಪ್ಪುಮಣ್ಣಿನ ಎರೆಹೊಲ ತಿರುಗುವುದು.

ಗದಗಿನ ಅಂಗಡಿಯಲ್ಲಿ ಹಾಕಿ ನೋಡಿದ ಬೂಟೆಲ್ಲ ಕಿರುಬೆರಳು ಒತ್ತಿದವು, ಇಲ್ಲವೇ ಹಿಮ್ಮಡಿಯಲ್ಲಿ ಜಾರಿದವು. ಕೊನೆಗೆ ಅಂಗಡಿಯ ಖಾದರಸಾಹೇಬರು ಕೆಸರುದಾರಿಯಲ್ಲಿ ಓಡುವವರಿಗೆಂದೇ ಮಾಡಿದ, ಮುಂದೆ ಅಗಲವಿದ್ದ ಜೋಡಿಯೊಂದನ್ನು ತಂದರು. ಅದರ ಒಳಅಟ್ಟೆ ತೆಗೆದು ನನ್ನದನ್ನು ಕೂರಿಸಿದರು. "ಇನ್ನ ಎಂಥಾ ಕೆಸರಿದ್ರೂ ಜಾರೂದಿಲ್ರಿ," ಅಂದರು.

ಮರುದಿನ ಅಂತೂರ ಬೆಂತೂರು ಹಳ್ಳಿಯಲ್ಲಿ ಬಿತ್ತನೆ ನೋಡಲು ಹೋದೆ. ಬದು ದಾಟಲು ಕಾಲೆತ್ತಿದ್ದೇ ತಡ, ಹೊಲದೊಡತಿ ಕೂಗಿದಳು.

"ಅಕ್ಕಾರ, ನಿಲ್ರಿ! ಬಿತ್ತೂ ದಿನ ಭೂತಾಯಿ ಮ್ಯಾಲೆ ಕೆರ ಮೆಟ್ಟಬಾರದು. ಅಲ್ಲೇ ಬಿಟ್ಟು ಬರ್ರಿ."

"ಬರಿಗಾಲಾಗ ನಡೀಬ್ಯಾಡ ಅಂತ ಡಾಕ್ಟರು ಹೇಳ್ಯಾರಬೇ."

"ಡಾಕ್ಟರಿಗೆ ಹೊಲ ಐತೇನ್ರಿ?"

ಬೂಟು ಬದುವಿನ ಮೇಲೆ ಬಿಚ್ಚಿಟ್ಟು ಹೊಲಕ್ಕಿಳಿದೆ. ಹಸಿ ಎರೆಮಣ್ಣು ಹೆಜ್ಜೆಹೆಜ್ಜೆಗೂ ಪಾದಕ್ಕೆ ತನ್ನದೇ ಒಂದು ಅಟ್ಟೆ ಹಚ್ಚುತ್ತ ಬಂತು.

ಮುಂದಿನ ವಾರ ಪೇಟೆಯಲ್ಲಿ ಖಾದರಸಾಹೇಬರು ಸಿಕ್ಕರು. "ಬೂಟು ಹ್ಯಾಂಗ ಅದಾವ್ರಿ?"

"ಭಾಳ ಚಲೋ ಅದಾವ್ರಿ," ಅಂದೆ. "ಇಡೀ ದಿನ ಬದುವಿನ ಮ್ಯಾಲೆ ನಿಂತಿದ್ವು, ಒಂದೀಟೂ ಜಾರಲಿಲ್ಲ."