ಬೆವರು ಬಾರದ ಮೈ

ಕೊರೊನಾ ಮುಗಿದ ಮೇಲಿನ ಮೂರನೆಯ ಬೇಸಿಗೆ. ಇಂದಿನಂತೆ ಅಂದೂ ನಾನು ಬೈಲಹೊಂಗಲದಲ್ಲಿ ಎಸಿ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಐಟಿಐ ಮುಗಿಸಿ, ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಊರಿಗೆ ಮರಳಿದಾಗ ಈ ಭಾಗದಲ್ಲಿ ಎಸಿ ಎಂದರೆ ಬ್ಯಾಂಕು, ದವಾಖಾನೆಗಳ ಮಾತು. ನೋಡನೋಡುತ್ತ ಮನೆಗಳಿಗೂ ಬಂತು. ಕಿತ್ತೂರಿನಿಂದ ರಾಮದುರ್ಗದವರೆಗೆ ನನ್ನ ಓಡಾಟ. ಮೇ ತಿಂಗಳಲ್ಲಿ ಫೋನು ಮಾಡುವವರೆಲ್ಲ ‘ಅರ್ಜೆಂಟ್ ಐತ್ರಿ’ ಎನ್ನುತ್ತಾರೆ. ಹೋಗಿ ನೋಡಿದರೆ ಫಿಲ್ಟರಿಗೆ ಧೂಳು ಕಟ್ಟಿರುತ್ತದೆ, ಇಲ್ಲವೇ ಗ್ಯಾಸ್ ಕಡಿಮೆಯಾಗಿರುತ್ತದೆ.

ರಾಮದುರ್ಗದ ಮಹಾದೇವಿಯವರ ಫೋನು ಅಂಥದ್ದಾಗಿರಲಿಲ್ಲ.

ಅವರ ಗಂಡ ಈರಪ್ಪ ಪವರ್‌ಲೂಮ್ ಮಗ್ಗಗಳ ಮೆಕ್ಯಾನಿಕ್ ಆಗಿದ್ದವನು. ಶೆಡ್ಡಿನ ತಗಡು ಸರಿಮಾಡಲು ಹತ್ತಿ, ಕಾಲು ಜಾರಿ ಬಿದ್ದು, ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿತ್ತು. ಕೈಕಾಲು ಬಿದ್ದುಹೋದದ್ದು ಎಲ್ಲರಿಗೂ ಕಾಣುತ್ತಿತ್ತು. ಕಾಣದ ಸಂಕಟ ಇನ್ನೊಂದಿತ್ತು. ಅಷ್ಟು ಮೇಲೆ ಪೆಟ್ಟಾದವರ ಮೈ ಸರಿಯಾಗಿ ಬೆವರುವುದಿಲ್ಲ. ಬೆವರು ಆರುವಾಗಲೇ ಅಲ್ಲವೇ ದೇಹದ ಕಾವು ಹೊರಹೋಗುವುದು? ಬೆವರಿಲ್ಲದವನಿಗೆ ಕೋಣೆಯ ಕಾವೆಲ್ಲ ಮೈಯೊಳಗೇ ಏರುತ್ತದೆ. ಅದಕ್ಕೇ ಡಾಕ್ಟರು ಎಸಿ ಹಾಕಿಸಿರೆಂದು ಹೇಳಿದ್ದರು. ಹಾಕಿಕೊಟ್ಟವನು ನಾನೇ.

‘ಅಣ್ಣಾರ, ಎಸಿ ಬರೇ ಬಿಸಿ ಗಾಳಿ ಒಗ್ಯಾಕ ಹತ್ತೇತ್ರಿ. ಇವರ ಮೈ ಮುಟ್ಟಿದ್ರ ಹಂಚಿನಂಗ ಆಗೇತಿ. ಲಗೂನ ಬರ್ರಿ,’ ಎಂದರು ಮಹಾದೇವಿ.

ಕೈಯಲ್ಲಿದ್ದ ಕೆಲಸ ಬಿಟ್ಟು ಗಾಡಿ ಹತ್ತಿದೆ. ಸವದತ್ತಿ ದಾಟುವಾಗ ಮತ್ತೆ ಫೋನು. ಈ ಸಲ ಬರೀ ಅಳು ಕೇಳಿಸಿತು.

ಮನೆ ಮುಟ್ಟುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಈರಪ್ಪನ ಮುಖ ಕೆಂಪಗಾಗಿತ್ತು, ತುಟಿ ಒಡೆದಿತ್ತು, ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಥರ್ಮಾಮೀಟರ್ ನೂರಾ ಮೂರು ತೋರಿಸುತ್ತಿತ್ತು. ಮಾಳಿಗೆ ಹತ್ತಿ ಹೊರಗಿನ ಯೂನಿಟ್ ಬಿಚ್ಚಿದೆ. ಗ್ಯಾಸನ್ನು ಒತ್ತಿ ಸುತ್ತಾಡಿಸುವ ಕಂಪ್ರೆಸರೇ ಎಸಿಯ ಗುಂಡಿಗೆ. ಮಲ್ಟಿಮೀಟರ್ ಹಚ್ಚಿ ನೋಡಿದರೆ ಅದರೊಳಗಿನ ವೈಂಡಿಂಗ್ ಸುಟ್ಟುಹೋಗಿತ್ತು. ಅದನ್ನು ಸ್ಥಳದಲ್ಲಿ ರಿಪೇರಿ ಮಾಡಲಾಗದು. ಹುಬ್ಬಳ್ಳಿಗೆ ಫೋನು ಹಚ್ಚಿದೆ. ಆ ಮಾಡೆಲ್ಲಿನ ಕಂಪ್ರೆಸರ್ ನಾಳೆಯ ಮುಂಚೆ ಸಿಗುವುದಿಲ್ಲ ಎಂದರು.

ಕೆಳಗಿಳಿದು ಬಂದೆ. ಮಹಾದೇವಿ ನನ್ನ ಮುಖ ನೋಡಿಯೇ ತಿಳಿದುಕೊಂಡರು.

ಈರಪ್ಪನನ್ನು ನೋಡುತ್ತಿದ್ದ ಡಾಕ್ಟರಿಗೆ ಫೋನಿನಲ್ಲಿ ಎಲ್ಲ ಹೇಳಿದೆವು. ‘ಈ ಬಿಸಿಲಾಗ ಗಾಡಿಯೊಳಗ ದೂರ ತರಬ್ಯಾಡ್ರಿ. ಮೊದಲು ಮೈ ತಂಪು ಮಾಡ್ರಿ. ಒದ್ದಿ ಬಟ್ಟಿ ಹಾಕಿ ಫ್ಯಾನ್ ಹಚ್ರಿ. ನಾ ಬರತೇನಿ,’ ಎಂದರು ಅವರು. ದವಾಖಾನೆ ಬಿಟ್ಟು ಬರಲು ಅವರಿಗೆ ಹೊತ್ತು ಬೇಕಿತ್ತು. ಸೀರೆಯೊಂದನ್ನು ನೀರಲ್ಲಿ ಅದ್ದಿ ಹೊದಿಸಿದೆವು. ಎರಡು ಫ್ಯಾನು ತಿರುಗಿಸಿದೆವು. ಕಾವು ಒಂದಿಷ್ಟು ನಿಂತಂತೆ ಕಂಡಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಆ ಓಣಿಯಲ್ಲಿ ಹಗಲೆಲ್ಲ ಮಗ್ಗಗಳ ಖಟಖಟ ಇರುತ್ತದೆ. ಅದು ಒಮ್ಮೆಲೇ ನಿಂತಾಗ ಕಿವಿ ಮುಚ್ಚಿದಂತಾಯಿತು. ಮಹಾದೇವಿ ಮೊರ ತೆಗೆದುಕೊಂಡು ಬೀಸತೊಡಗಿದರು. ಬೀಸಿದ ಗಾಳಿಯೂ ಬಿಸಿ. ಈರಪ್ಪ ಕಣ್ಣು ಅರ್ಧ ತೆರೆದು, ‘ಅಣ್ಣಾ, ನನ್ನ ಬಿಡ್ರಿ. ಆಕಿ ಮುಂಜಾನಿಂದ ಏನೂ ತಿಂದಿಲ್ಲ, ಆಕಿನ್ನ ನೋಡ್ರಿ,’ ಎಂದ. ಆಮೇಲಿನ ಮಾತುಗಳಿಗೆ ಅರ್ಥವಿರಲಿಲ್ಲ. ಸತ್ತುಹೋದ ತಾಯಿಯನ್ನು ಕರೆದ. ಮಗ್ಗದ ಲಾಳಿ ತರಲು ಹೇಳಿದ.

ಮಹಾದೇವಿ ಮೊರ ಕೆಳಗಿಟ್ಟರು. ‘ಹೋಗಾಕ ಹತ್ಯಾರ, ಅಣ್ಣಾರ,’ ಎಂದರು. ಕೂಗಲಿಲ್ಲ, ಮೆಲ್ಲಗೆ ಹೇಳಿದರು.

ಎಸಿ ಇಲ್ಲಿಗೆ ಬರುವಂತಿರಲಿಲ್ಲ. ಎಸಿ ಇದ್ದಲ್ಲಿಗೆ ಈರಪ್ಪನನ್ನೇ ಒಯ್ಯಬೇಕಿತ್ತು. ಓಣಿ ದಾಟಿದರೆ ಪೇಟೆಯಲ್ಲಿ ಒಂದು ಸೀರೆ ಅಂಗಡಿ. ಅಲ್ಲಿನ ಎಸಿಗಳ ಸರ್ವಿಸ್ ನನ್ನದೇ. ಜನರೇಟರ್ ಇತ್ತು. ಹೊರಗೆ ಬಂದು ನೋಡಿದರೆ ಮಗ್ಗ ನಿಂತ ನೇಕಾರರೆಲ್ಲ ಕಟ್ಟೆಗಳ ಮೇಲೆ ಕುಳಿತಿದ್ದರು. ಕೂಗಿದ್ದೇ ತಡ, ಓಡಿ ಬಂದರು. ಈರಪ್ಪ ರಿಪೇರಿ ಮಾಡದ ಮಗ್ಗ ಆ ಓಣಿಯಲ್ಲಿರಲಿಲ್ಲ. ನನ್ನ ಅಲ್ಯುಮಿನಿಯಂ ಏಣಿಯನ್ನು ನೆಲಕ್ಕೆ ಹಾಸಿ, ಮೇಲೆ ಗಾದಿ ಇಟ್ಟು, ಯೂನಿಟ್ ಏರಿಸುವ ಹಗ್ಗದಿಂದ ಬಿಗಿದೆವು. ಕುತ್ತಿಗೆ ಅಲುಗದಂತೆ ಅವನನ್ನು ಅದರ ಮೇಲೆ ಸರಿಸಿದೆವು. ಇಬ್ಬರು ಒದ್ದೆ ಚಾದರ ಹಿಡಿದು ನೆರಳು ಮಾಡಿದರು. ಉಳಿದವರು ಹೊತ್ತರು. ನೋಡಿದವರಿಗೆ ಹೆಣ ಒಯ್ಯುವಂತೆ ಕಂಡಿರಬೇಕು. ದಾರಿಯಲ್ಲಿ ಒಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದರು. ಮಹಾದೇವಿ ಅದನ್ನು ನೋಡಿದರು.

ಲಗ್ನದ ಸೀಜನ್. ಅಂಗಡಿ ತುಂಬ ಹೆಣ್ಣುಮಕ್ಕಳು. ಮಾಲೀಕರು ಬಾಗಿಲಿಗೆ ಅಡ್ಡ ಬಂದರು. ಕೆಟ್ಟ ಮನುಷ್ಯರಲ್ಲ, ಅಂಜಿದ್ದರು. ‘ಮಿಸ್ತ್ರಿ, ಇಲ್ಲೇ ಏನರ ಆದ್ರ ನಾ ಏನ್ ಮಾಡ್ಲಿ? ಲಗ್ನದ ಜವಳಿ ಐತಿ, ಮಂದಿ ಏನಂದಾರು?’

ಒಳಗೆ ಮೊಮ್ಮಗಳ ಮದುವೆಗೆ ಸೀರೆ ಆರಿಸುತ್ತಿದ್ದ ಸಿರಸಂಗಿಯ ಅಜ್ಜಿಯೊಬ್ಬರು ತೊಡೆಯ ಮೇಲಿದ್ದ ಸೀರೆಗಳನ್ನು ಬದಿಗೆ ಸರಿಸಿ ಎದ್ದರು. ‘ಜೀವಾ ಇದ್ದವ್ನ ಬಾಗಲ್ದಾಗ ನಿಂದ್ರಿಸಿ ಮಾತಾಡ್ತೀಯಲ್ಲೋ ತಮ್ಮಾ. ಸರೀ ಅತ್ಲಾಗ. ಮೊದಲ ಒಳಗ ತರ್ರಿ.’

ಮಾಲೀಕರು ಸರಿದರು. ಸೀರೆ ಹರಡುವ ಬಿಳಿ ಗಾದಿಯ ಮೇಲೆ ಈರಪ್ಪನನ್ನು ಮಲಗಿಸಿದೆವು. ಎಸಿಗಳನ್ನು ಪೂರ್ತಿ ತಂಪಿಗೆ ಇಟ್ಟು, ರೆಕ್ಕೆಗಳನ್ನು ಅವನತ್ತ ತಿರುಗಿಸಿದೆ. ಮಹಾದೇವಿ ಒದ್ದೆ ಬಟ್ಟೆ ಬದಲಿಸುತ್ತಲೇ ಇದ್ದರು. ಪ್ರತಿ ಸಲ ಥರ್ಮಾಮೀಟರ್ ತೆಗೆದಾಗ ಅಷ್ಟೂ ಜನ ನನ್ನ ಕೈ ನೋಡುತ್ತಿದ್ದರು. ಬಹಳ ಹೊತ್ತು ಅದು ಇಳಿಯಲೇ ಇಲ್ಲ. ನಾನು ಮನಸ್ಸಿನಲ್ಲಿ ಸೋತಿದ್ದೆ, ತೋರಿಸಿಕೊಳ್ಳಲಿಲ್ಲ, ಅಷ್ಟೇ.

ಫೋನಿನಲ್ಲಿ ತಿಳಿಸಿದ್ದರಿಂದ ಡಾಕ್ಟರು ನೇರ ಅಂಗಡಿಗೇ ಬಂದು ಸಲಾಯಿನ್ ಹಚ್ಚಿದರು. ಬಾಟಲಿಯನ್ನು ಸೀರೆ ತೂಗುಹಾಕುವ ಕೊಕ್ಕೆಗೆ ಸಿಕ್ಕಿಸಿದೆವು. ಇಳಿಹೊತ್ತಿಗೆ ಮೈಕಾವು ನೂರಕ್ಕೆ ಇಳಿಯಿತು. ಈರಪ್ಪ ಕಣ್ಣು ಬಿಟ್ಟು ಸುತ್ತಲಿನ ಜರಿ ಸೀರೆಗಳನ್ನು ನೋಡಿ, ‘ಯಾರ ಲಗ್ನರೀ?’ ಎಂದು ಕೇಳಿದ. ಆಗ ಮಹಾದೇವಿ ಗೋಡೆಗೆ ಒರಗಿ ಕುಳಿತರು. ಅಜ್ಜಿ ತಮ್ಮ ಬುತ್ತಿ ಬಿಚ್ಚಿ ಅವರಿಗೆ ರೊಟ್ಟಿ ತಿನ್ನಿಸಿದರು.

ಅಂದು ರಾತ್ರಿ ಅವನು ಅಲ್ಲೇ ಮಲಗಿದ. ಮರುದಿನ ಕಂಪ್ರೆಸರ್ ಬಂತು, ಕೂಡಿಸಿದೆ. ಈರಪ್ಪ ಇಂದಿಗೂ ಇದ್ದಾನೆ. ಹಾಗಂತ ಅವನ ಕಷ್ಟ ಕಳೆಯಿತೆಂದು ಹೇಳಲಾರೆ. ಪ್ರತಿ ಬೇಸಿಗೆಯೂ ಆ ಮನೆಗೆ ಒಂದು ಗಂಡಾಂತರವೇ.

ಯಾವ ಯಂತ್ರವೂ ಕೆಡದೆ ಉಳಿಯುವುದಿಲ್ಲ ಎಂಬುದು ಈ ಕಸುಬಿಗೆ ಇಳಿದ ಮೊದಲ ವರ್ಷವೇ ಗೊತ್ತಾಗಿತ್ತು. ಆದರೆ ಯಂತ್ರ ಕೆಟ್ಟ ದಿನ ಆ ಕೋಣೆಯಲ್ಲಿರುವ ಮನುಷ್ಯನ ಗತಿ ಏನು ಎಂಬುದನ್ನು ಹಾಕುವ ದಿನವೇ ಯೋಚಿಸಬೇಕೆಂದು ಕಲಿತದ್ದು ರಾಮದುರ್ಗದಲ್ಲಿ. ಈಗ ರೋಗಿಗಳಿರುವ, ಹಸುಗೂಸಿರುವ ಮನೆಗೆ ಎಸಿ ಹಾಕಲು ಹೋದರೆ ಗೋಡೆ ಅಳೆಯುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: ‘ಇದು ಬಂದ್ ಬಿದ್ರ ಇವರನ್ನ ಎಲ್ಲಿ ಕರಕೊಂಡ ಹೋಗತೀರಿ? ಯಾರು ಹೊರತಾರ?’ ಹೊಸ ಎಸಿ ತಂದವರಿಗೆ ಇದು ಅಪಶಕುನದ ಮಾತು. ಕೆಲವರು ಸಿಟ್ಟಾಗುತ್ತಾರೆ. ಆಗಲಿ. ಒಯ್ಯುವ ಜಾಗ, ಹೊರುವವರ ಹೆಸರು ಹೇಳುವತನಕ ನಾನು ಗೋಡೆಗೆ ಡ್ರಿಲ್ ಹಚ್ಚುವುದಿಲ್ಲ.